ಟೊಮೆಟೊ ಪಾಸ್ತಾಗೆ ಅಷ್ಟೊಂದು ಕ್ರೀಮ್ ಬೇಕೇ?

ಬೆಂಗಳೂರಿನ ಕೆಫೆಗಳಲ್ಲಿ ‘ಪಿಂಕ್ ಸಾಸ್’ ಎಂದು ಸಿಗುವ ಪಾಸ್ತಾಗೂ ಇಲ್ಲಿ ಮಿಲಾನಿನ ಮನೆಗಳಲ್ಲಿ ಟೊಮೆಟೊ, ಕ್ರೀಮ್ ಹಾಕಿ ಮಾಡುವ ಪೆನ್ನೆ ಎಂಬ ಕೊಳವೆ ಪಾಸ್ತಾಗೂ ಸಾಮಾನಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ತಟ್ಟೆಗೆ ಬಂದಾಗ ಮಾತ್ರ ಎರಡೂ ಬೇರೆ ಬೇರೆ. ನಮ್ಮ ಕಡೆಯದು ಬಿಸಿ ಇರುವಷ್ಟು ಹೊತ್ತು ಚೆನ್ನಾಗಿದ್ದು, ಆರುತ್ತಿದ್ದಂತೆ ಬಿಗಿದುಕೊಂಡು ಮುದ್ದೆಯಾಗುತ್ತದೆ. ನಾಲ್ಕು ತುತ್ತಿಗೇ ಹೊಟ್ಟೆ ಭಾರ. ಇಲ್ಲಿಯದರಲ್ಲಿ ಕ್ರೀಮ್ ಕಡಿಮೆ, ಆದರೂ ಸಾಸ್ ಒಂದೊಂದು ಪೆನ್ನೆಗೂ ತೆಳ್ಳಗೆ ಹತ್ತಿಕೊಂಡಿರುತ್ತದೆ, ಟೊಮೆಟೊ ಹುಳಿ ನಾಲಿಗೆಗೆ ಗೊತ್ತಾಗುತ್ತದೆ. ನುಣುಪು ಬರುವುದು ಮುಖ್ಯವಾಗಿ ಮೂರು ಕಡೆಯಿಂದ: ಟೊಮೆಟೊ ಎಷ್ಟು ಇಂಗಿದೆ, ಪಾಸ್ತಾ ಬೆಂದ ನೀರನ್ನು ಏನು ಮಾಡಿದಿರಿ, ಕೊನೆಯ ಎರಡು ನಿಮಿಷ ಸಾಸ್ ಮತ್ತು ಪಾಸ್ತಾ ಒಟ್ಟಿಗೆ ಬಾಣಲೆಯಲ್ಲಿ ಇದ್ದವೋ ಇಲ್ಲವೋ. ಕ್ರೀಮಿನ ಸರದಿ ಆಮೇಲೆ. ನಾವು ಈ ಮೂರನ್ನೂ ಬಿಟ್ಟು, ಆ ಕೊರತೆಯನ್ನು ಕ್ರೀಮ್, ಮೈದಾ, ಚೀಸ್ ಸುರಿದು ತುಂಬಿಸಿಕೊಳ್ಳುತ್ತಿದ್ದೇವೆ.

ಮೊದಲು ಮೈದಾ ವಿಷಯ. ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಹಾಕಿ ಕುದಿಸಿದ ಬಿಳಿ ಸಾಸಿಗೆ ಟೊಮೆಟೊ ಪ್ಯೂರಿ ಬೆರೆಸಿದರೆ ಗುಲಾಬಿ ಬಣ್ಣ ಬರುತ್ತದೆ, ನಿಜ. ಇಟಲಿಯಲ್ಲಿಯೂ ಆ ಬಿಳಿ ಸಾಸ್ ಇದೆ, ಆದರೆ ಅದರ ಜಾಗ ಓವನ್ನಿನಲ್ಲಿ ಬೇಯುವ ಲಸಾನ್ಯದಂಥ ತಿನಿಸು. ಅಲ್ಲಿ ಪದರಗಳು ಕಚ್ಚಿಕೊಂಡು ನಿಲ್ಲಬೇಕು, ಹಾಗಾಗಿ ಗಟ್ಟಿಯಾಗುವುದೇ ಅದರ ಗುಣ. ಬಾಣಲೆಯಲ್ಲಿ ಮಾಡುವ ಪಾಸ್ತಾಗೆ ಅದೇ ಗುಣ ದೋಷವಾಗುತ್ತದೆ. ಮೈದಾದ ಪಿಷ್ಟ ಆರಿದಂತೆ ಹೆಪ್ಪುಗಟ್ಟುತ್ತದೆ, ಪಾಸ್ತಾ ತಾನೂ ಪಿಷ್ಟ ಬಿಡುತ್ತಿರುತ್ತದೆ, ಎರಡೂ ಸೇರಿ ಅಂಟು. ಮೇಲೆ ಹಾಲು ಹಾಕಿ ಸಡಿಲ ಮಾಡಿದರೆ ಮೊದಲೇ ಮಂಕಾಗಿದ್ದ ಟೊಮೆಟೊ ರುಚಿ ಪೂರ್ತಿ ಹೋಗುತ್ತದೆ.

ಹಾಗಾದರೆ ಮೈದಾ ಬಿಟ್ಟು ಬರೀ ಹಾಲು ಹಾಕೋಣವೆಂದರೆ ಅದು ಒಡೆಯುತ್ತದೆ. ಹಾಲಿನ ಕೇಸಿನ್ ಎಂಬ ಪ್ರೋಟೀನು ಹುಳಿಯ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4.6ರ ಹತ್ತಿರ ಬಂದರೆ ಗಂಟುಕಟ್ಟುತ್ತದೆ. ಟೊಮೆಟೊದ ಪಿಎಚ್ ಹೆಚ್ಚುಕಡಿಮೆ 4.2ರಿಂದ 4.6ರ ನಡುವೆ ಇರುತ್ತದೆ. ಬಿಸಿ ಇದ್ದಾಗ ಅಷ್ಟು ಹುಳಿಯೂ ಬೇಕಿಲ್ಲ, ಬೇಗ ಒಡೆಯುತ್ತದೆ. ಕ್ರೀಮ್ ತಡೆದುಕೊಳ್ಳುತ್ತದೆ, ಯಾಕೆಂದರೆ ಅದರಲ್ಲಿ ಪ್ರೋಟೀನು ಕಡಿಮೆ, ಕೊಬ್ಬು ಜಾಸ್ತಿ. ಆದ್ದರಿಂದ ಪೊಟ್ಟಣದ ಮೇಲಿನ ಕೊಬ್ಬಿನ ಅಂಕಿ ನೋಡುವುದು ಬಹಳ ಮುಖ್ಯ. ಭಾರತದಲ್ಲಿ ಸಿಗುವ ಅಮೂಲ್ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು ಶೇ 25. ಅಮೆರಿಕದ ಹೆವಿ ಕ್ರೀಮಿನಲ್ಲಿ ಕನಿಷ್ಠ ಶೇ 36, ಇಟಲಿಯ ತಾಜಾ ಕ್ರೀಮಿನಲ್ಲಿ ಸುಮಾರು 35. ಲಂಡನ್ನಿನಲ್ಲಿರುವವರು ಸಿಂಗಲ್ ಕ್ರೀಮ್ ತಂದರೆ ಅದರಲ್ಲಿರುವುದು ಶೇ 18 ಮಾತ್ರ, ಟೊಮೆಟೊ ಜೊತೆ ಕುದಿಸಿದರೆ ಒಡೆಯುವ ಸಂಭವ ಹೆಚ್ಚು. ಅಲ್ಲಿಯ ಡಬಲ್ ಕ್ರೀಮಿನಲ್ಲಿ 48 ಇರುತ್ತದೆ, ಅದರ ಅರ್ಧ ಅಳತೆ ಸಾಕು. ಅರ್ಧ ಹಾಲು, ಅರ್ಧ ಕ್ರೀಮ್ ಬೆರೆಸಿದ ಅಮೆರಿಕದ ಹಾಫ್ ಆ್ಯಂಡ್ ಹಾಫ್ ಕೂಡ ಈ ಕೆಲಸಕ್ಕೆ ಬಾರದು. ಮನೆಯಲ್ಲಿ ಕಾಯಿಸಿದ ಹಾಲಿನ ಮೇಲಿನ ಕೆನೆಯನ್ನು ದಿನಗಟ್ಟಲೆ ಕೂಡಿಟ್ಟು ಹಾಕುವವರಿದ್ದಾರೆ. ಅದು ಆಗಲೇ ತುಸು ಹುಳಿತಿರುತ್ತದೆ, ಬಿಸಿ ಟೊಮೆಟೊಗೆ ಬಿದ್ದ ತಕ್ಷಣ ಚೂರುಚೂರಾಗುತ್ತದೆ. ಆ ದಿನದ ಕೆನೆಯನ್ನೇ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಹಾಕಿದರೆ ಪರವಾಗಿಲ್ಲ.

ಟೊಮೆಟೊ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಇಡೀ ಅಡುಗೆಯ ಜೀವ ಇರುವುದು ಅಲ್ಲೇ. ಇಟಲಿಯವರು ವರ್ಷದ ಬಹುಪಾಲು ಡಬ್ಬಿ ಟೊಮೆಟೊ ಬಳಸುತ್ತಾರೆ. ಬೇಸಿಗೆಯಲ್ಲಿ ಗಿಡದಲ್ಲೇ ಹಣ್ಣಾದದ್ದನ್ನು ಸಿಪ್ಪೆ ತೆಗೆದು ಡಬ್ಬಿ ಮಾಡುವುದರಿಂದ ಚಳಿಗಾಲದ ಹಸಿ ಟೊಮೆಟೊಗಿಂತ ಅದೇ ಮೇಲು. ನಮಗೆ ಆ ಅಗತ್ಯವಿಲ್ಲ. ಕೋಲಾರದ ಮಾರುಕಟ್ಟೆಯಿಂದ ವರ್ಷವಿಡೀ ಹಣ್ಣು ಬರುತ್ತದೆ. ಯಾವುದನ್ನು ಕೊಳ್ಳಬೇಕು ಎಂಬುದಷ್ಟೇ ಪ್ರಶ್ನೆ. ನಾಟಿ ಟೊಮೆಟೊದಲ್ಲಿ ಹುಳಿ, ಪರಿಮಳ ಎರಡೂ ಚೆನ್ನ, ಆದರೆ ನೀರು, ಬೀಜ ಜಾಸ್ತಿ. ಉದ್ದನೆಯ ಹೈಬ್ರಿಡ್ ಟೊಮೆಟೊದಲ್ಲಿ ತಿರುಳು ದಪ್ಪ, ರುಚಿ ಸಪ್ಪೆ. ಕ್ರೀಮ್ ಹಾಕುವ ಸಾಸಿಗೆ ಮೂರು ಪಾಲು ಹೈಬ್ರಿಡ್, ಒಂದು ಪಾಲು ನಾಟಿ ಸೇರಿಸುವುದು ಸರಿಯಾದ ಲೆಕ್ಕ. ಎರಡರಲ್ಲೂ ಒಳಗಡೆ ತನಕ ಕೆಂಪಾದದ್ದೇ ಆಗಬೇಕು. ನಡುವೆ ಬೆಳ್ಳಗೆ ಗಟ್ಟಿ ದಿಂಡು ಇದ್ದರೆ ಎಷ್ಟು ಬೇಯಿಸಿದರೂ ಸಾಸಿಗೆ ಮೈ ಬರುವುದಿಲ್ಲ.

ನಾಲ್ಕು ಜನರಿಗೆ 320 ಗ್ರಾಂ ಪೆನ್ನೆ ಅಥವಾ ರಿಗಟೋನಿ, 650 ಗ್ರಾಂ ಹಸಿ ಟೊಮೆಟೊ ಅಥವಾ 400 ಗ್ರಾಮಿನ ಒಂದು ಡಬ್ಬಿ, ಮೂರು ದೊಡ್ಡ ಚಮಚ ಆಲಿವ್ ಎಣ್ಣೆ, ಎರಡು ಎಸಳು ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ, 100 ಮಿಲಿ ಕ್ರೀಮ್, 40 ಗ್ರಾಂ ತುರಿದ ಚೀಸ್. ಸಿಕ್ಕರೆ ಒಂದು ದೊಡ್ಡ ಚಮಚ ಟೊಮೆಟೊ ಪೇಸ್ಟ್. ಹಸಿ ಹಣ್ಣಾದರೆ ತುದಿಯಲ್ಲಿ ಕತ್ತರಿ ಗುರುತು ಸೀಳಿ, ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಬಿಟ್ಟು ತಣ್ಣೀರಿಗೆ ಹಾಕಿದರೆ ಸಿಪ್ಪೆ ಸುಲಿದುಕೊಂಡು ಬರುತ್ತದೆ. ಕುಕ್ಕರಿನಲ್ಲಿ ಕೂಗಿಸುವುದು ಬೇಡ. ಒಳಗಿನ ನೀರು ಹೊರಹೋಗುವುದಿಲ್ಲ, ಆಮೇಲೆ ಅದನ್ನು ಇಂಗಿಸಲು ಇನ್ನೂ ಅರ್ಧ ಗಂಟೆ ಬೇಕು.

ಬೆಳ್ಳುಳ್ಳಿ ಜಜ್ಜಿ ಸಣ್ಣ ಉರಿಯಲ್ಲಿ ಎಣ್ಣೆಗೆ ಹಾಕಿ, ಹೊಂಬಣ್ಣಕ್ಕೆ ತಿರುಗುವ ಮೊದಲೇ ಮೆಣಸಿನಕಾಯಿ ಮುರಿದು ಹಾಕಬೇಕು. ಬೆಳ್ಳುಳ್ಳಿ ಕಂದಿದರೆ ಕಹಿ, ಕ್ರೀಮ್ ಬಿದ್ದ ಮೇಲೆ ಆ ಕಹಿ ಇನ್ನೂ ಎದ್ದು ಕಾಣುತ್ತದೆ. ಟೊಮೆಟೊ ಪೇಸ್ಟ್ ಇದ್ದರೆ ಈಗ ಹಾಕಿ, ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುವ ತನಕ ಎರಡು ನಿಮಿಷ ಹುರಿಯಿರಿ. ಇದನ್ನು ಅಮೆರಿಕದ ಮನೆಗಳಲ್ಲಿ ಬಹಳ ಚೆನ್ನಾಗಿ ಮಾಡುತ್ತಾರೆ. ಟೊಮೆಟೊ, ಕ್ರೀಮಿನ ಜೊತೆ ವೋಡ್ಕಾ ಹಾಕಿ ಮಾಡುವ ಅವರ ವೋಡ್ಕಾ ಸಾಸಿನ ಗಾಢ ರುಚಿಯ ಅರ್ಧ ಗುಟ್ಟು ಇದರಲ್ಲಿದೆ. ನಂತರ ಕೈಯಲ್ಲಿ ಹಿಸುಕಿದ ಟೊಮೆಟೊ, ಅರ್ಧ ಚಮಚ ಉಪ್ಪು. ಅಗಲ ಬಾಣಲೆಯಲ್ಲಿ, ಮುಚ್ಚಳ ಹಾಕದೆ, ಹದಿನೈದರಿಂದ ಇಪ್ಪತ್ತು ನಿಮಿಷ. ಸೌಟಿನಿಂದ ಬಾಣಲೆಯ ತಳ ಎಳೆದರೆ ದಾರಿ ಮೂಡಿ ಒಂದೆರಡು ಕ್ಷಣ ಹಾಗೇ ನಿಲ್ಲಬೇಕು, ಅಂಚಿನಲ್ಲಿ ಎಣ್ಣೆ ಬಿಟ್ಟಿರಬೇಕು.

ಇಲ್ಲಿ ನಮ್ಮ ಕೈಯೇ ಮೇಲು ಎಂದು ಧೈರ್ಯವಾಗಿ ಹೇಳಬಹುದು. ಗೊಜ್ಜು, ಟೊಮೆಟೊ ಚಟ್ನಿ ಮಾಡುವವರಿಗೆ ಹಸಿ ವಾಸನೆ ಹೋಗುವುದು, ಎಣ್ಣೆ ಬಿಡುವುದು ಎಂದರೇನೆಂದು ಯಾರೂ ಕಲಿಸಬೇಕಿಲ್ಲ. ಪಾಸ್ತಾ ಎಂದ ಕೂಡಲೇ ಆ ತಿಳಿವಳಿಕೆ ಮೂಲೆಗೆ ಹೋಗಿ, ಹಸಿ ಪ್ಯೂರಿ ಐದು ನಿಮಿಷ ಕುದಿಸಿ ಕೆಚಪ್ ಹಿಂಡುವುದು ಯಾಕೆ? ಹುಳಿ ಜಾಸ್ತಿಯಾಯಿತೆಂದು ಸಕ್ಕರೆ ಹಾಕಿದರೆ ಹುಳಿ ಕಡಿಮೆಯಾಗುವುದಿಲ್ಲ, ಸಿಹಿಯ ಹಿಂದೆ ಅಡಗುತ್ತದೆ ಅಷ್ಟೆ. ಕಾಲು ಚಮಚಕ್ಕಿಂತ ಹೆಚ್ಚು ಬೇಡ. ನಿಜವಾಗಿ ಹುಳಿ ಇಳಿಸಬೇಕಾದರೆ ಚಿಟಿಕೆಯಷ್ಟು ಅಡುಗೆ ಸೋಡಾ ಸಾಕು, ನೊರೆ ಬಂದು ಇಳಿಯುತ್ತದೆ. ಚಿಟಿಕೆ ದಾಟಿದರೆ ಸೋಪಿನ ರುಚಿ.

ಪಾಸ್ತಾ ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ಇಟಲಿಯಲ್ಲಿ ಒಣ ಪಾಸ್ತಾ ಡ್ಯೂರಮ್ ಗೋಧಿಯ ರವೆಯಿಂದಲೇ ಆಗಬೇಕೆಂದು 1967ರಲ್ಲೇ ಕಾನೂನು ಬಂತು. ಡ್ಯೂರಮ್ ನಮಗೆ ಹೊಸದೇನಲ್ಲ. ಉಪ್ಪಿಟ್ಟಿಗೆ ಉದುರುದುರಾಗಿ ಬರುವ ಬನ್ಸಿ ರವೆ ಅದೇ ಜಾತಿಯ ಗೋಧಿಯದ್ದು. ಆದರೆ ನಮ್ಮಲ್ಲಿ ಅಗ್ಗಕ್ಕೆ ಸಿಗುವ ಹಲವು ಪಾಸ್ತಾಗಳಲ್ಲಿ ಮೈದಾ ಅಥವಾ ಮಾಮೂಲಿ ಗೋಧಿ ರವೆ ಇರುತ್ತದೆ. ಅಂಥದ್ದು ಬೇಯುವ ಮೊದಲೇ ಮೇಲ್ಮೈ ಕರಗಿ ಲೋಳೆಯಾಗುತ್ತದೆ, ಬಾಣಲೆಯಲ್ಲಿ ಇನ್ನೆರಡು ನಿಮಿಷ ತಡೆಯುವ ಶಕ್ತಿ ಅದಕ್ಕಿಲ್ಲ. ಪದಾರ್ಥಗಳ ಸಾಲಿನಲ್ಲಿ ಡ್ಯೂರಮ್ ಎಂದಿರಲಿ, 100 ಗ್ರಾಮಿಗೆ ಪ್ರೋಟೀನು 12 ಗ್ರಾಂ ದಾಟಿರಲಿ. ಮೇಲ್ಮೈ ನಯವಾಗಿ ಹಳದಿ ಹೊಳಪಿನದ್ದಕ್ಕಿಂತ ಹಿಟ್ಟು ಸವರಿದಂತೆ ಒರಟಾಗಿ ಕಾಣುವುದು ಒಳ್ಳೆಯದು. ಕಂಚಿನ ಅಚ್ಚಿನಿಂದ ತೆಗೆದದ್ದು ಹಾಗಿರುತ್ತದೆ, ಸಾಸ್ ಅದಕ್ಕೆ ಚೆನ್ನಾಗಿ ಹತ್ತುತ್ತದೆ.

ಇಲ್ಲಿಯವರ ಲೆಕ್ಕ ಸರಳ: 100 ಗ್ರಾಂ ಪಾಸ್ತಾಗೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು. ಈ ಅಡುಗೆಗೆ ನಾನು ಹೇಳುವುದು ಸ್ವಲ್ಪ ಬೇರೆ: 320 ಗ್ರಾಮಿಗೆ ಎರಡೂಕಾಲು ಲೀಟರ್ ನೀರು, ಲೀಟರಿಗೆ ಒಂದು ಚಹಾ ಚಮಚ ಮತ್ತು ಇನ್ನೊಂದು ಕಾಲು ಚಮಚ ಉಪ್ಪು. ನೀರು ಕಡಿಮೆಯಿದ್ದಷ್ಟೂ ಅದು ಅನ್ನ ಬಸಿದ ಗಂಜಿಯ ಹಾಗೆ ದಪ್ಪಗಾಗುತ್ತದೆ, ನಮಗೆ ಬೇಕಾದದ್ದು ಅದೇ. ಆ ನೀರೇ ಸಾಸಿಗೆ ಹೋಗುವುದರಿಂದ ಉಪ್ಪಿನಲ್ಲಿ ಕೈ ಹಿಡಿತವಿರಬೇಕು. ನೀರಿಗೆ ಎಣ್ಣೆ ಹಾಕುವ ರೂಢಿ ಬಿಡಿ, ಅದು ಮೇಲೆ ತೇಲುತ್ತದೆ, ಬಸಿಯುವಾಗ ಪಾಸ್ತಾಗೆ ಲೇಪವಾಗಿ ಸಾಸ್ ಜಾರಿಹೋಗುತ್ತದೆ. ಅಂಟದಿರಬೇಕಾದರೆ ಮೊದಲ ಒಂದು ನಿಮಿಷ ಚೆನ್ನಾಗಿ ಕೈಯಾಡಿಸಿದರಾಯಿತು. ಬಸಿದ ಮೇಲೆ ತಣ್ಣೀರು ಹೊಯ್ಯುವುದಂತೂ ಬೇಡವೇ ಬೇಡ. ಸಾಸನ್ನು ಹಿಡಿದಿಡುವ ಪಿಷ್ಟವೆಲ್ಲ ಸಿಂಕಿನ ಪಾಲಾಗುತ್ತದೆ.

ಪೊಟ್ಟಣದ ಮೇಲಿನ ನಿಮಿಷಗಳನ್ನೂ ಊರಿಗೆ ತಕ್ಕಂತೆ ಓದಿಕೊಳ್ಳಬೇಕು. ಮಂಗಳೂರು, ಮುಂಬೈಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. 11 ನಿಮಿಷ ಎಂದು ಬರೆದಿರುವ ಪೆನ್ನೆ ಅಲ್ಲಿ ಒಂದು ನಿಮಿಷವಾದರೂ ಹೆಚ್ಚು ಕೇಳುತ್ತದೆ. ಹಾಗಾಗಿ ಗಡಿಯಾರಕ್ಕಿಂತ ಹಲ್ಲನ್ನು ನಂಬಿ. ಒಂದು ಪೆನ್ನೆ ಕಚ್ಚಿ ನೋಡಿದರೆ ಕೊಳವೆಯ ಗೋಡೆಯ ನಡುವೆ ತೆಳ್ಳನೆಯ ಬಿಳಿ ಗೆರೆ ಕಾಣಬೇಕು. ಪೂರ್ತಿ ಬೇಯಲು ಎರಡು ನಿಮಿಷ ಬಾಕಿ ಇರುವ ಹದ ಅದು.

ಆ ಹದದಲ್ಲಿ ಜಾಲರಿ ಸೌಟಿನಿಂದ ಪಾಸ್ತಾವನ್ನು ನೇರ ಸಾಸಿನ ಬಾಣಲೆಗೆ ಎತ್ತಿ ಹಾಕಿ, ಜೊತೆಗೆ ಒಂದು ಲೋಟ, ಅಂದರೆ 150 ಮಿಲಿಯಷ್ಟು, ಅದೇ ನೀರು. ಉರಿ ದೊಡ್ಡದು ಮಾಡಿ, ಬಾಣಲೆ ಅಲುಗಿಸುತ್ತಾ ತಿರುವುತ್ತಾ ಇರಿ. ಮೊದಲು ನೀರುನೀರಾಗಿ ಕಂಡು ಗಾಬರಿಯಾಗುತ್ತದೆ. ಒಂದು ನಿಮಿಷದಲ್ಲಿ ಎಣ್ಣೆ, ಟೊಮೆಟೊ, ಗಂಜಿ ಕೂಡಿಕೊಂಡು ಹೊಳಪು ಬರುತ್ತದೆ. ಕ್ರೀಮ್ ಹಾಕದಿದ್ದರೂ ಈ ಹಂತದಲ್ಲೇ ಸಾಸ್ ನುಣ್ಣಗಾಗಿರುವುದನ್ನು ಕಣ್ಣಾರೆ ನೋಡಬಹುದು. ಈಗ ಉರಿ ಸಣ್ಣದು ಮಾಡಿ. ಕ್ರೀಮನ್ನು ಫ್ರಿಜ್ಜಿನಿಂದ ಮೊದಲೇ ಹೊರಗಿಟ್ಟಿರಬೇಕು. ಬಟ್ಟಲಲ್ಲಿ ಅದಕ್ಕೆ ಎರಡು ಸೌಟು ಬಿಸಿ ಸಾಸ್ ಬೆರೆಸಿಕೊಂಡು ಆಮೇಲೆ ಬಾಣಲೆಗೆ ಹಾಕಿದರೆ ಒಡೆಯುವ ಭಯವಿಲ್ಲ. ಅರ್ಧ ನಿಮಿಷ ಬಿಸಿ ತಗುಲಿದರೆ ಸಾಕು, ಕುದಿ ಬೇಡ. ಒಲೆ ಆರಿಸಿ ಚೀಸ್ ಉದುರಿಸಿ ತಿರುವಿ. ಕುದಿಯುವ ಸಾಸಿಗೆ ಚೀಸ್ ಹಾಕಿದರೆ ಅದರ ಪ್ರೋಟೀನು ಬಿಗಿದು ನಾರುನಾರಾಗಿ ಸೌಟಿಗೆ ಸುತ್ತಿಕೊಳ್ಳುತ್ತದೆ.

ಪಾಸ್ತಾಗೆ ಮೊದಲೇ ಕ್ರೀಮ್ ಹಾಕಿ ಅಕಸ್ಮಾತ್ ಒಡೆದರೆ, ಸಾಸನ್ನು ಎರಡು ಚಮಚ ಗಂಜಿ ನೀರಿನೊಂದಿಗೆ ಮಿಕ್ಸಿಯಲ್ಲಿ ತಿರುವಿಬಿಡಿ. ಒಡೆದದ್ದು ಮತ್ತೆ ಕೂಡುವುದಿಲ್ಲ, ಆದರೆ ಕಾಳುಕಾಳು ನಾಲಿಗೆಗೆ ಸಿಗುವುದಿಲ್ಲ.

ಚೀಸ್ ಬಗ್ಗೆ ಸಸ್ಯಾಹಾರಿಗಳು ಒಂದು ಮಾತು ತಿಳಿದಿರಬೇಕು. ಪಾರ್ಮಿಜಾನೊ ರೆಜ್ಜಾನೊ ಮಾಡಲು ಹಾಲನ್ನು ಗಟ್ಟಿಗೊಳಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಅದು ಆ ಹೆಸರಿನ ನಿಯಮದಲ್ಲೇ ಇದೆ. ಹೊರದೇಶದಲ್ಲಿರುವ ನಮ್ಮವರು ಎಷ್ಟೋ ಜನ ಗೊತ್ತಿಲ್ಲದೆ ತಿನ್ನುತ್ತಾರೆ. ಯುರೋಪಿನ ಅಂಗಡಿಗಳಲ್ಲಿ ಮೈಕ್ರೋಬಿಯಲ್ ಅಥವಾ ಸಸ್ಯಜನ್ಯ ರೆನೆಟ್ಟಿನ ಗಟ್ಟಿ ಚೀಸ್ ಬೇರೆ ಹೆಸರಿನಲ್ಲಿ ಸಿಗುತ್ತದೆ; ಭಾರತದಲ್ಲಿ ಹಸಿರು ಚುಕ್ಕೆ ನೋಡಿದರಾಯಿತು. ಪ್ರೊಸೆಸ್ಡ್ ಚೀಸಿನಲ್ಲಿ ಕರಗಿಸುವ ಲವಣಗಳು ಇರುವುದರಿಂದ ನುಣ್ಣಗೆ ಕರಗುತ್ತದೆ, ಉಪ್ಪೂ ಜಾಸ್ತಿ. ನಾಲ್ಕು ಜನರಿಗೆ ಒಂದು ಕ್ಯೂಬ್ ದಾಟಬೇಡಿ.

ಕ್ರೀಮಿಗೆ ಬದಲಾಗಿ ಗೋಡಂಬಿ ಹಾಕುವುದನ್ನು ಇಟಲಿಯವರು ಒಪ್ಪಲಿಕ್ಕಿಲ್ಲ, ನಾನು ಒಪ್ಪುತ್ತೇನೆ. 30 ಗ್ರಾಂ ಗೋಡಂಬಿ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, 100 ಮಿಲಿ ನೀರಿನಲ್ಲಿ ನುಣ್ಣಗೆ ರುಬ್ಬಿದರೆ ಹುಳಿಗೆ ಹಾಲಿನಂತೆ ಒಡೆಯುವುದಿಲ್ಲ. ಬಿಸಿಯಾದಂತೆ ಗಟ್ಟಿಯಾಗುತ್ತದೆ, ಗಂಜಿ ನೀರು ಇನ್ನರ್ಧ ಲೋಟ ಬೇಕು. ಅಳತೆ ಮೀರಿದರೆ ಮಾತ್ರ ಹೋಟೆಲಿನ ಪನೀರ್ ಗ್ರೇವಿಯ ರುಚಿ ಬಂದುಬಿಡುತ್ತದೆ. ಇಟಲಿಯವರದ್ದೇ ಹಗುರ ದಾರಿ ಬೇಕಾದರೆ 150 ಗ್ರಾಂ ರಿಕೋಟಾ ಎಂಬ ಮೆತ್ತನೆಯ ಚೀಸನ್ನು ಬಿಸಿ ಗಂಜಿ ನೀರಿನಲ್ಲಿ ಕದಡಿ, ಒಲೆ ಆರಿಸಿದ ಮೇಲೆ ಬೆರೆಸಿ. ಅದರ ಜಾಗದಲ್ಲಿ ಪನೀರ್ ಪುಡಿ ಮಾಡಿ ಹಾಕಿದರೆ ನಡೆಯದು, ಪನೀರ್ ಕರಗುವುದಿಲ್ಲ, ಮರಳುಮರಳಾಗಿ ಉಳಿಯುತ್ತದೆ. ವೋಡ್ಕಾ ಹಾಕುವವರು 50 ಮಿಲಿಯನ್ನು ಟೊಮೆಟೊ ಇಂಗಿದ ಮೇಲೆ, ಕ್ರೀಮಿಗೆ ಮೊದಲು ಹಾಕಿ ಮೂರು ನಿಮಿಷ ಕುದಿಸಬೇಕು. ಮದ್ಯದ ಅಂಶ ಪೂರ್ತಿ ಹೋಗುವುದಿಲ್ಲ, ಆದ್ದರಿಂದ ಮಕ್ಕಳಿರುವ ಮನೆಯಲ್ಲಿ ಬೇಡ. ಬಿಟ್ಟರೆ ನಷ್ಟವೂ ದೊಡ್ಡದಲ್ಲ.

ದೊಣ್ಣೆಮೆಣಸಿನಕಾಯಿ, ಜೋಳ, ಕ್ಯಾರೆಟ್ಟು, ಮೇಲೊಂದಿಷ್ಟು ಪಿಜ್ಜಾದ ಜೊತೆ ಬಂದ ಒರೆಗಾನೊ ಪೊಟ್ಟಣ, ಇಷ್ಟೂ ಒಂದೇ ಬಾಣಲೆಗೆ ಬೇಡ. ತರಕಾರಿ ಬೇಕೇ ಬೇಕೆಂದರೆ ಒಂದನ್ನು ಆರಿಸಿ, ಬೇರೆ ಬಾಣಲೆಯಲ್ಲಿ ನೀರು ಬಿಡದಂತೆ ಹುರಿದು ಕೊನೆಗೆ ಸೇರಿಸಿ. ನೇರ ಸಾಸಿಗೆ ಹಾಕಿದರೆ ಅದು ಬಿಡುವ ನೀರಿನಿಂದ ಇಂಗಿಸಿದ ಟೊಮೆಟೊ ಮತ್ತೆ ತೆಳುವಾಗುತ್ತದೆ.

ಮಕ್ಕಳ ಡಬ್ಬಿಗೆ ಕಟ್ಟುವುದಾದರೆ ಲೆಕ್ಕ ಬದಲಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಾಸ್ತಾ ಸಾಸನ್ನು ಹೀರಿಕೊಂಡಿರುತ್ತದೆ. ಪಾಸ್ತಾವನ್ನು ಇನ್ನೊಂದು ನಿಮಿಷ ಮೊದಲೇ ಎತ್ತಿ, ಗಂಜಿ ನೀರು ನಾಲ್ಕು ಚಮಚ ಹೆಚ್ಚು ಹಾಕಿ, ಸಾಸ್ ತಟ್ಟೆಯಲ್ಲಿ ಹರಿಯುವಷ್ಟು ತೆಳ್ಳಗಿರುವಾಗಲೇ ಡಬ್ಬಿಗೆ ತುಂಬಿ. ಚೀಸ್ ಅರ್ಧ ಮಾಡಿ, ಗಟ್ಟಿಯಾಗಿಸುವುದು ಅದೇ. ರಾತ್ರಿಗೆ ಉಳಿದದ್ದನ್ನು ಬಿಸಿ ಮಾಡುವಾಗ ಹಾಲು ಹಾಕದೆ ಮೂರು ಚಮಚ ಬಿಸಿನೀರು ಚಿಮುಕಿಸಿ, ಸಣ್ಣ ಉರಿಯಲ್ಲಿ ಮುಚ್ಚಿ ಎರಡು ನಿಮಿಷ ಇಟ್ಟು ತಿರುವಿದರೆ ಸಾಸ್ ಮತ್ತೆ ಬಿಡಿಸಿಕೊಳ್ಳುತ್ತದೆ.