ಅಪ್ಪ ಅಮ್ಮ ಇದ್ದರೆ ಕಥೆ ಶುರುವೇ ಆಗುವುದಿಲ್ಲವಂತೆ

"ಅಪ್ಪ ಅಮ್ಮ ಇದ್ರೆ ಕಥೆ ಶುರುವೇ ಆಗುದಿಲ್ಲ ಅಮ್ಮಾ. ಅವರು ಮನೆಯಿಂದ ಹೊರಗೆ ಬಿಡುದೇ ಇಲ್ಲ ಅಲ್ವಾ?"

ಹತ್ತನೇ ಕ್ಲಾಸಿನಲ್ಲಿರುವ ಮಗಳು ಕಳೆದ ವಾರ ಹೀಗೆಂದಳು. ಅವಳ ಹಾಸಿಗೆಯ ಬದಿಯಲ್ಲಿ ಆರು ಇಂಗ್ಲಿಷ್ ಕಾದಂಬರಿಗಳಿದ್ದವು. ಹಾಸಿಗೆ ಸರಿಮಾಡುತ್ತಾ ಒಂದೊಂದರ ಹಿಂಬದಿ ಓದಿದೆ. ನಾಲ್ಕರಲ್ಲಿ ತಂದೆತಾಯಿ ತೀರಿಹೋಗಿದ್ದಾರೆ. ಒಂದರಲ್ಲಿ ಇದ್ದೂ ಇಲ್ಲದ ಹಾಗೆ. "ಎಂತ ಮಗಾ, ಇವರಿಗೆಲ್ಲ ಮನೆಯಲ್ಲಿ ಯಾರೂ ಇಲ್ವಾ?" ಎಂದು ಕೇಳಿದ್ದಕ್ಕೆ ಆ ಉತ್ತರ. ಅಂದಿನಿಂದ ಅದು ನನ್ನ ತಲೆಯಲ್ಲೇ ಕೂತಿದೆ. ಪಾಠ ಮಾಡುವಾಗಲೂ, ಉಡುಪಿ ಬಸ್ಸಿನಲ್ಲಿ ನಿಂತಿರುವಾಗಲೂ.

ಅವಳು ಹೇಳಿದ್ದು ಸುಳ್ಳಲ್ಲ. ಅರ್ಜುನ ಸಂಶಪ್ತಕರ ಜೊತೆ ಯುದ್ಧಕ್ಕೆಂದು ದೂರ ಹೋಗದಿದ್ದರೆ ಅಭಿಮನ್ಯು ಚಕ್ರವ್ಯೂಹಕ್ಕೆ ಇಳಿಯುತ್ತಿರಲಿಲ್ಲ. ಅಪ್ಪ ದೂರ ಹೋಗಬೇಕು, ಆಗಲೇ ಹುಡುಗ ಮುಂದೆ ಬರಲು ಸಾಧ್ಯ. ಆದರೆ ನಮ್ಮ ಊರಿನ ಗದ್ದೆಗಳಲ್ಲಿ ರಾತ್ರಿಯಿಡೀ ಯಕ್ಷಗಾನ ಆಟ ನೋಡಿದವರನ್ನು ಕೇಳಿ. ಅಭಿಮನ್ಯು ಕಾಳಗದಲ್ಲಿ ಮನಸ್ಸಿಗೆ ಹತ್ತಿಕೊಳ್ಳುವುದು ಬರೀ ಯುದ್ಧವಾ? ಸುಭದ್ರೆಯ ಹತ್ತಿರ ಅಪ್ಪಣೆ ಕೇಳುವ ಜಾಗ ಬಂದಾಗ ಚಾಪೆಯ ಮೇಲೆ ಮಲಗಿದ್ದವರೂ ಎದ್ದು ಕೂರುತ್ತಿದ್ದರು. ನನ್ನ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದನ್ನು ಪ್ರತಿ ಸಲವೂ ನೋಡಿದ್ದೇನೆ. ಹೋಗಬೇಡ ಎನ್ನುವ ತಾಯಿ ಎದುರಿಗಿದ್ದಾಳೆ. ಅದಕ್ಕೇ ಆ ಹುಡುಗ ಹೋಗುವುದಕ್ಕೆ ಅಷ್ಟು ತೂಕ. ಮನೆಯಲ್ಲಿ ತಡೆಯುವವರೇ ಇಲ್ಲದವನು ಹೊರಟರೆ ಅದು ಬರೀ ಪ್ರಯಾಣ.

ನಾನು ಯಾಕೆ ಇಷ್ಟು ಹಟದಿಂದ ಹೇಳುತ್ತಿದ್ದೇನೆ ಎಂದರೆ, ನನ್ನ ಹದಿಮೂರನೇ ವಯಸ್ಸಿನಲ್ಲಿ ನಡೆದದ್ದೆಲ್ಲ ಮನೆಯೊಳಗೇ ನಡೆದದ್ದು.

ಕಾಪು ಹತ್ತಿರ ನಮ್ಮ ಅಜ್ಜಿಮನೆ. ಅಮ್ಮ, ಅಕ್ಕ, ನಾನು, ಅಜ್ಜಿ. ಅಪ್ಪ ಕುವೈತಿನಲ್ಲಿ ಒಂದು ಗೋದಾಮಿನ ಸ್ಟೋರ್‌ಕೀಪರ್. ಎರಡು ವರ್ಷಕ್ಕೊಮ್ಮೆ ರಜೆ. ಉಳಿದ ಹೊತ್ತಿನಲ್ಲಿ ಅಪ್ಪ ಎಂದರೆ ಏರ್‌ಮೇಲ್ ಕಾಗದ, ಮತ್ತೆ ಕ್ಯಾಸೆಟ್. ಗಲ್ಫಿನಲ್ಲಿದ್ದವರು ಆಗ ಧ್ವನಿ ರೆಕಾರ್ಡ್ ಮಾಡಿ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. 1990ರ ಬಿಸು, ಅಂದರೆ ಏಪ್ರಿಲ್ ನಡುವಿನ ತುಳು ಹೊಸವರ್ಷದ ಹೊತ್ತಿಗೆ ಒಂದು ಬಂತು. ತೋಟದ ಪಂಪಿನ ರಿಪೇರಿ, ಅಜ್ಜಿಯ ಕಾಲುನೋವಿಗೆ ಎಣ್ಣೆ, ನನ್ನ ಲೆಕ್ಕದ ಮಾರ್ಕು, ಕೊನೆಯಲ್ಲಿ ಅಕ್ಕನ ಹೆಸರು ಹೇಳಿ ಅರ್ಧ ಹಾಡು. ಅರ್ಧ ಯಾಕೆಂದರೆ ಅಷ್ಟರಲ್ಲಿ ಟೇಪು ಮುಗಿದಿತ್ತು.

ಆ ವರ್ಷ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ನಮಗೆ ಅದು ತುಳುವಿನ ಆಟಿ ತಿಂಗಳು. ಹೊರಗೆ ಧೋ ಎಂದು ಮಳೆ, ಒಳಗೆ ಕುಚ್ಚಲಕ್ಕಿ ಗಂಜಿ, ತಿಮರೆ ಚಟ್ನಿ, ಸಂಜೆಯಾದರೆ ಚಾವಡಿಯಲ್ಲಿ ಚೆನ್ನೆಮಣೆ. ರೇಡಿಯೋ ವಾರ್ತೆಯಲ್ಲಿ ಕುವೈತಿನ ಹೆಸರು ಬಂದಾಗ ಅಮ್ಮ ಬಡಿಸುವ ಸೌಟನ್ನು ಹಾಗೇ ಹಿಡಿದು ನಿಂತದ್ದು ನೆನಪಿದೆ. ಆಮೇಲೆ ಕಾಗದವಿಲ್ಲ. ಪಕ್ಕದ ಮನೆಯ ಫೋನಿಗೆ ಕರೆಯಿಲ್ಲ. ಬದುಕಿದ್ದಾರಾ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಮಾವ ಕಟಪಾಡಿಯಿಂದ ಪ್ರತಿ ಸಂಜೆ ಸೈಕಲ್ಲಿನಲ್ಲಿ ನೆನೆಯುತ್ತಾ ಬಂದು, ಏನೂ ಸುದ್ದಿಯಿಲ್ಲ ಎಂದು ಹೇಳಿ, ಒಂದು ಲೋಟ ಕಾಫಿ ಕುಡಿದು, ನಮ್ಮ ಹೋಮ್‌ವರ್ಕ್ ನೋಡಿ ಹೋಗುತ್ತಿದ್ದರು. ಸುದ್ದಿಯಿಲ್ಲ ಎಂದು ಹೇಳುವುದಕ್ಕೆ ಒಬ್ಬರು ಅಷ್ಟು ದೂರ ದಿನಾ ಬರುವುದು ಎಂದರೆ ಎಂಥದ್ದು ಎಂದು ಈಗ ತಿಳಿಯುತ್ತದೆ. ಆಸ್ತಿ ತಾಯಿಯ ಕಡೆಯಿಂದ ಬರುವ ಅಳಿಯಸಂತಾನದ ಕಟ್ಟು ಕಾಯಿದೆಯಲ್ಲಿ ಎಷ್ಟು ಸಡಿಲಾದರೂ ತುಳುನಾಡಿನಲ್ಲಿ ಸೋದರಮಾವನ ಕರ್ತವ್ಯ ಅಷ್ಟು ಬೇಗ ಸಡಿಲಾಗಲಿಲ್ಲ.

ಅಕ್ಕ ರಾತ್ರಿ ಮಲಗುವ ಮುಂಚೆ ಆ ಕ್ಯಾಸೆಟ್ ಹಾಕುತ್ತಿದ್ದಳು. ದಿನಾ. ಕೊನೆಯ ಅರ್ಧ ಹಾಡು ಎರಡು ಸಲ. ನನಗೆ ಸಹಿಸಲಿಕ್ಕೆ ಆಗುತ್ತಿರಲಿಲ್ಲ. ಆ ಹಾಡು ಅವಳದ್ದು, ನನ್ನ ಪಾಲಿಗೆ ಬರೀ ಲೆಕ್ಕದ ಮಾರ್ಕು. ಅಪ್ಪ ಹೋಗಿಬಿಟ್ಟರೆ ನನಗೆ ಉಳಿಯುವುದು ಅದೊಂದೇ ಬೈಗುಳ ಎಂಬ ಹೆದರಿಕೆಯೂ ಇತ್ತು. ಒಂದು ದಿನ ಜಗಳ ಆಯಿತು. ಯಾವುದಕ್ಕೆ ಎಂದು ನೆನಪಿಲ್ಲ. ನಾನು ಕ್ಯಾಸೆಟ್ಟಿನ ಟೇಪನ್ನು ಬೆರಳಿನಿಂದ ಎಳೆದು, ಮೊಣಕೈಗೆ ಸುತ್ತಿ, ಹರಿದೆ.

ಅಜ್ಜಿ ದೀಪದ ಹತ್ತಿರ ಕೂತು ಪೆನ್ಸಿಲ್ ತೂರಿಸಿ ತಿರುಗಿಸಿ ತಿರುಗಿಸಿ ಸುತ್ತಿದರು. ಹಾಕಿದರೆ ಬರೀ ಗರಗರ.

ಅಕ್ಕ ಅಮ್ಮನಿಗೆ ಹೇಳಲಿಲ್ಲ. ನನ್ನ ಹತ್ತಿರ ಒಂಬತ್ತು ದಿನ ಮಾತಾಡಲಿಲ್ಲ. ಆದರೆ ರಾತ್ರಿ ತಟ್ಟೆ ಹಾಕುವ ಕೆಲಸ ಅವಳದ್ದು, ಆ ಒಂಬತ್ತು ದಿನವೂ ನನ್ನ ತಟ್ಟೆ ನನ್ನ ಜಾಗದಲ್ಲಿ ಇತ್ತು. ಮೀನಿನ ತುಂಡೂ ಸಣ್ಣದಾಗಿರಲಿಲ್ಲ. ನಾನು ಅದನ್ನು ಗಮನಿಸಿದ್ದೆ.

ಚೆನ್ನೆಮಣೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮರದ ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಮಂಜೊಟ್ಟಿ ಬೀಜ. ಇಬ್ಬರ ಆಟ. ಅಕ್ಕ-ತಂಗಿ ಮಾತ್ರ ಎದುರುಬದುರು ಕೂರಬಾರದು. ತುಳುವಿನ ಹಾಡುಕಥೆ ಸಿರಿ ಪಾಡ್ದನದ ಕೊನೆಗೆ ಅಬ್ಬಗ-ದಾರಗ ಎಂಬ ಅವಳಿ ಹುಡುಗಿಯರು ಬರುತ್ತಾರೆ. ಚೆನ್ನೆ ಆಡುತ್ತಾ ಜಗಳವಾಗಿ, ಒಬ್ಬಳು ಅದೇ ಮಣೆಯಿಂದ ಇನ್ನೊಬ್ಬಳಿಗೆ ಹೊಡೆದು, ಅವಳು ಸತ್ತದ್ದು ಕಂಡು ತಾನೂ ಬಾವಿಗೆ ಹಾರುತ್ತಾಳೆ. ನೇಜಿ ನೆಡುತ್ತಾ ಈ ಪಾಡ್ದನ ಹಾಡಿ ಬೆಳೆದ ಹೆಂಗಸು ನನ್ನ ಅಜ್ಜಿ. ಅಕ್ಕ-ತಂಗಿಯರ ಸಿಟ್ಟು ಎಲ್ಲಿಯವರೆಗೆ ಹೋಗಬಹುದು ಎಂದು ಅವರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಿರಲಿಲ್ಲ. ಹತ್ತನೇ ದಿನ ಅವರು ಮಣೆ ತಂದು ನನ್ನನ್ನು ಎದುರಿಗೆ ಕೂರಿಸಿಕೊಂಡರು. ಅಕ್ಕನನ್ನು ಕರೆದು, "ನೀನು ಇಲ್ಲಿ ಕೂತು ಇವಳ ಕಾಯಿ ಎಣಿಸು. ಇವಳಿಗೆ ಲೆಕ್ಕ ಬರುವುದಿಲ್ಲ" ಎಂದರು. ಆಮೇಲೆ ಅವಳು ಆಡಿದಳು, ನಾನು ಎಣಿಸಿದೆ. ಅಷ್ಟೇ. ಕ್ಷಮೆ ಕೇಳು ಎಂದು ಯಾರೂ ಹೇಳಲಿಲ್ಲ.

ಅಪ್ಪ ಸೆಪ್ಟೆಂಬರಿನಲ್ಲಿ ಬಂದರು. ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಜೋರ್ಡಾನ್ ಗಡಿ, ಗಡಿಯ ಡೇರೆಯಲ್ಲಿ ದಿನಗಟ್ಟಲೆ ಕಾಯುವಿಕೆ, ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ, ಬೊಂಬಾಯಿ, ಮತ್ತೆ ಬಸ್ಸು. ಆ ತಿಂಗಳುಗಳಲ್ಲಿ ಹಾಗೆ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಮರಳಿದರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಎಷ್ಟೋ ಮಕ್ಕಳು ನನ್ನ ಹಾಗೆಯೇ ಕಾದಿದ್ದಾರೆ. ಅವರಲ್ಲಿ ಒಬ್ಬರ ಕಥೆಯನ್ನೂ ಹದಿಮೂರು-ಹದಿನಾಲ್ಕರ ಮಕ್ಕಳು ಓದುವಂಥ ಕನ್ನಡ ಕಾದಂಬರಿಯಾಗಿ ನಾನು ಓದಿಲ್ಲ.

ಓದಿದ್ದು ಬೇರೆಯೇ ಕಡೆ. ಎರಡು ವರ್ಷದ ಹಿಂದೆ ಮಗಳಿಗೆಂದು ತಂದ 'ಲಿಟಲ್ ವಿಮೆನ್' ಅನ್ನು ಅವಳಿಗಿಂತ ಮೊದಲು ನಾನೇ ಓದಿದೆ. 1868ರಲ್ಲಿ ಅಮೆರಿಕದ ಲೂಯಿಸಾ ಮೇ ಆಲ್ಕಾಟ್ ಬರೆದದ್ದು. ನಾಲ್ವರು ಅಕ್ಕತಂಗಿಯರು, ಯುದ್ಧಕ್ಕೆ ಹೋದ ಅಪ್ಪ, ಮೊದಲ ಅಧ್ಯಾಯದಲ್ಲೇ ಎಲ್ಲರೂ ಸುತ್ತ ಕೂತು ಓದುವ ಅಪ್ಪನ ಕಾಗದ. ಇದು ನಮ್ಮ ಗಲ್ಫ್ ಮನೆಗಳ ಕಥೆಯಲ್ಲವಾ ಎಂದುಕೊಂಡು ಮುಂದೆ ಹೋದರೆ, ಕೊನೆಯ ತಂಗಿ ಏಮಿ ಸಿಟ್ಟಿನಲ್ಲಿ ಅಕ್ಕ ಜೋ ಬರೆದಿಟ್ಟ ಹಸ್ತಪ್ರತಿಯನ್ನು ಬೆಂಕಿಗೆ ಹಾಕುತ್ತಾಳೆ. ನಾನು ಪುಸ್ತಕ ಮುಚ್ಚಿಟ್ಟೆ. ನಲವತ್ತು ದಾಟಿದ ಹೆಂಗಸು, ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದೆ, ನಾನು ಅಳುತ್ತಾ ಕೂತಿದ್ದೇನೆ. ಜೋ ಕ್ಷಮಿಸುವುದಿಲ್ಲ. ಮರುದಿನ ಏಮಿ ಹೆಪ್ಪುಗಟ್ಟಿದ ನದಿಯ ಮಂಜು ಒಡೆದು ನೀರಿಗೆ ಬೀಳುತ್ತಾಳೆ, ಹೇಗೋ ಉಳಿಯುತ್ತಾಳೆ. ಆ ರಾತ್ರಿ ಜೋ ತನ್ನ ಸಿಟ್ಟಿಗೆ ತಾನೇ ಹೆದರಿ ಅಮ್ಮನ ಹತ್ತಿರ ಅತ್ತಾಗ, ಅಮ್ಮ ಹೇಳುತ್ತಾಳೆ: ನನಗೂ ದಿನಾ ಸಿಟ್ಟು ಬರುತ್ತದೆ, ತೋರಿಸದೆ ಇರುವುದನ್ನು ಕಲಿತಿದ್ದೇನೆ ಅಷ್ಟೇ.

ಅಬ್ಬಗ-ದಾರಗರಿಗೆ ಅಂಥದ್ದೊಂದು ರಾತ್ರಿ ಸಿಗಲಿಲ್ಲ. ಜೋಗೆ ಸಿಕ್ಕಿತು, ನನಗೂ ಸಿಕ್ಕಿತು. ಹದಿಹರೆಯದ ಮಕ್ಕಳಿಗೆ ಕುಟುಂಬ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇದೇ. ಆ ವಯಸ್ಸಿನಲ್ಲಿ ಸಿಟ್ಟು ಮಗುವಿಗಿಂತ ದೊಡ್ಡದಾಗಿರುತ್ತದೆ. ಮಾಡಬಾರದ್ದು ಮಾಡಿದ ಮೇಲೂ ತಟ್ಟೆ ತನ್ನ ಜಾಗದಲ್ಲೇ ಇರುವ ಒಂದು ಮನೆ ಬೇಕು.

ಎಲ್ಲರಿಗೂ ಅಂಥ ಮನೆ ಇಲ್ಲ. ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೇನೆ. ಸಂಜೆ ಬೆಲ್ ಹೊಡೆದರೂ ಹೊರಡಲು ಮನಸ್ಸಿಲ್ಲದೆ ಚಪ್ಪಲಿ ಹುಡುಕುತ್ತಾ ನಿಲ್ಲುವ ಮಕ್ಕಳನ್ನು ಕಂಡಿದ್ದೇನೆ. ಅಪ್ಪ ಕುಡಿದು ಬರುವ ಮನೆ, ಹೊಡೆಯುವ ಮನೆ, ಮಾರ್ಕು ಬಿಟ್ಟು ಬೇರೆ ಮಾತೇ ಇಲ್ಲದ ಮನೆ. ಅವರ ಎದುರು ಮಾತೃದೇವೋ ಭವ ಎಂದು ಬೋರ್ಡಿನಲ್ಲಿ ಬರೆಯಲು ನನ್ನ ಕೈ ಬರುವುದಿಲ್ಲ. ಆದರೆ ಅವರಿಗಾಗಿ ಬರೆಯುವ ಕಾದಂಬರಿಯಲ್ಲೂ ಮನೆ ಇರಲೇಬೇಕು ಎನ್ನುತ್ತೇನೆ, ಒಡೆದ ಮನೆಯಾದರೂ. 'ದಿ ಔಟ್‌ಸೈಡರ್ಸ್' 1967ರಲ್ಲಿ ಬಂತು. ಬರೆಯಲು ಶುರು ಮಾಡಿದಾಗ ಎಸ್. ಇ. ಹಿಂಟನ್ ಎಂಬ ಹುಡುಗಿಗೆ ಹದಿನೈದು ವರ್ಷ, ಇನ್ನೂ ಶಾಲೆಯಲ್ಲಿದ್ದಳು. ಅದರಲ್ಲೂ ತಂದೆತಾಯಿ ಸತ್ತಿದ್ದಾರೆ. ಆದರೆ ಅಲ್ಲಿಗೆ ಕುಟುಂಬ ಮುಗಿಯುವುದಿಲ್ಲ. ಕಾಲೇಜಿಗೆ ಹೋಗುವ ಆಸೆ ಬಿಟ್ಟು ದುಡಿಯುವ ದೊಡ್ಡಣ್ಣ ಇಬ್ಬರು ತಮ್ಮಂದಿರನ್ನು ಸಾಕುತ್ತಾನೆ. ಅಣ್ಣನಿಗೆ ನಾನೆಂದರೆ ಆಗುವುದಿಲ್ಲ ಎಂದೇ ಸಣ್ಣವನ ಲೆಕ್ಕ, ಆಸ್ಪತ್ರೆಯಲ್ಲಿ ಅಣ್ಣ ಅಳುವುದನ್ನು ಕಾಣುವವರೆಗೆ. ನಮ್ಮ ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರೂ ತಾಯಿ ದೇಯಿ ಬೈದೆತಿ ತೀರಿದ ಮೇಲೆ ಸೋದರಮಾವ ಸಾಯನ ಬೈದ್ಯನ ಕೈಯಲ್ಲಿ ಬೆಳೆದವರು. ಜಾದೂ ಶಾಲೆಗೆ ಹೋದ ಆ ಲೋಕಪ್ರಸಿದ್ಧ ಹುಡುಗ ಹ್ಯಾರಿ ಪಾಟರ್‌ನನ್ನೇ ನೋಡಿ. ಮನಸ್ಸಿನ ಆಸೆಯನ್ನು ತೋರಿಸುವ ಕನ್ನಡಿಯಲ್ಲಿ ಅವನಿಗೆ ಕಂಡದ್ದು ಸತ್ತುಹೋದ ಅಪ್ಪ, ಅಮ್ಮ, ಹಿಂದೆ ನಿಂತ ಬಳಗ. ಮತ್ತೆ ಮತ್ತೆ ರಾತ್ರಿ ಎದ್ದು ಅದರ ಎದುರೇ ಹೋಗಿ ಕೂರುತ್ತಾನೆ. ಮಗಳಿಗೆ ಇದನ್ನು ನೆನಪಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

ನನ್ನ ತಕರಾರು ಇಂಗ್ಲಿಷ್ ಪುಸ್ತಕಗಳ ಮೇಲಲ್ಲ. ನಮ್ಮ ಮೇಲೆ. ಈ ಕರಾವಳಿ ಮಕ್ಕಳಿಗಾಗಿ ಬರೆದ ನೆಲ. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮಕ್ಕಳ ಪದ್ಯಕ್ಕೆ ದಾರಿ ಹಾಕಿದರು. ಕೋಟದ ಶಿವರಾಮ ಕಾರಂತರು 'ಬಾಲ ಪ್ರಪಂಚ' ಬರೆದರು, ಪುತ್ತೂರಿನಲ್ಲಿ ಬಾಲವನ ಕಟ್ಟಿದರು. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಶುರು ಮಾಡಿದಾಗ ಕನ್ನಡಕ್ಕೆ ಮೊದಲು ತಂದವರು ಬೊಳುವಾರು ಮಹಮದ್ ಕುಂಞಿ, ಅವರೂ ಪುತ್ತೂರಿನ ಕಡೆಯವರೇ. ಆದರೆ ಹನ್ನೆರಡು ತುಂಬಿದ ಮೇಲೆ? ನನ್ನ ಶಾಲೆಯ ಕಪಾಟಿನಲ್ಲಿ ಕಾಗಕ್ಕ ಗುಬ್ಬಕ್ಕನ ನಂತರದ ಮೆಟ್ಟಿಲೇ 'ಮೂಕಜ್ಜಿಯ ಕನಸುಗಳು'. ನಡುವೆ ಬಹುತೇಕ ಖಾಲಿ. ಆ ಖಾಲಿ ಜಾಗದಲ್ಲಿ ಮಕ್ಕಳು ಇಂಗ್ಲಿಷಿಗೆ ಹೋಗುತ್ತಾರೆ, ಇಲ್ಲವೇ ಓದುವುದನ್ನೇ ಬಿಡುತ್ತಾರೆ.

ಸಾಮಗ್ರಿ ಇಲ್ಲವೆಂದು ಹೇಳಬೇಡಿ. ಹಿಂದೊಮ್ಮೆ ಒಂಬತ್ತನೇ ಕ್ಲಾಸಿಗೆ 'ನನ್ನ ಮನೆ' ಎಂಬ ಪ್ರಬಂಧ ಕೊಟ್ಟಿದ್ದೆ. ಹೆಚ್ಚಿನವರು ಗೈಡಿನಿಂದ ಇಳಿಸಿದರು. ಒಬ್ಬ ಹುಡುಗ ಮಾತ್ರ ಒಂದೂವರೆ ಪುಟ ತಾನೇ ಬರೆದಿದ್ದ. ಅವನ ಅಪ್ಪ ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟಿನಲ್ಲಿ. ಹೋದರೆ ಹತ್ತು ದಿನ, ಬಂದರೆ ಒಂದೆರಡು ದಿನ, ಮತ್ತೆ ಸಮುದ್ರ. ಜೂನ್-ಜುಲೈಯಲ್ಲಿ ಮೀನುಗಾರಿಕೆಗೆ ನಿಷೇಧ ಇರುವ ಎರಡು ತಿಂಗಳು ಮಾತ್ರ ಪೂರ್ತಿ ಮನೆಯಲ್ಲಿ. ಮಳೆಗಾಲ ಅಂದರೆ ಅವನಿಗೆ ಅಪ್ಪ. ಅಪ್ಪ ಬಲೆ ಹೆಣೆಯುತ್ತಾ ಕೂತಿರುವಾಗ ತಾನು ಬದಿಯಲ್ಲಿ ಪಾಠ ಓದುವುದು, ಇಬ್ಬರೂ ಜಾಸ್ತಿ ಮಾತಾಡದೆ ಇರುವುದು, ಜುಲೈ ಕೊನೆಯ ವಾರ ಅಮ್ಮ ಸುಮ್ಮಸುಮ್ಮನೆ ರೇಗುವುದು. ಎಲ್ಲವನ್ನೂ ಬರೆದಿದ್ದ. ನಾನು ಹತ್ತಕ್ಕೆ ಹತ್ತು ಹಾಕಿ ಸ್ಟಾಫ್‌ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಆ ಹುಡುಗ ಓದಬೇಕಾದ ಕಾದಂಬರಿ, ಅವನೇ ಇರುವ ಕಾದಂಬರಿ, ಇನ್ನೂ ಯಾರ ಮೇಜಿನ ಮೇಲೂ ಇಲ್ಲವೇ?

ಅಕ್ಕ ಈಗ ಸುರತ್ಕಲ್ಲಿನಲ್ಲಿದ್ದಾಳೆ. ಈ ಬರಹ ಹಾಕುವ ಮುಂಚೆ ಫೋನು ಮಾಡಿ, "ಕ್ಯಾಸೆಟ್ಟಿನ ಸಂಗತಿ ಬರೆಯಲಾ?" ಎಂದು ಕೇಳಿದೆ. "ಬರಿ. ಆದರೆ ಒಂಬತ್ತು ದಿನ ಅಲ್ಲ, ಹನ್ನೊಂದು" ಎಂದಳು. ಮೂವತ್ತು ವರ್ಷ ದಾಟಿದರೂ ಎಣಿಕೆ ಅವಳದ್ದೇ. ನನ್ನ ನೆನಪಿನಲ್ಲಿ ಒಂಬತ್ತೇ ಇರುವುದರಿಂದ ಹಾಗೇ ಬಿಟ್ಟಿದ್ದೇನೆ.

ಶಾಲೆಯ ಕಪಾಟಿನ ಆ ಖಾಲಿ ಜಾಗಕ್ಕೆ ಒಂದು ಪಟ್ಟಿ ಮಾಡುತ್ತಿದ್ದೇನೆ. ಹನ್ನೆರಡರಿಂದ ಹದಿನೇಳರ ಮಕ್ಕಳು ಓದುವಂಥ, ಮನೆ ಮತ್ತು ಮನೆಯವರು ನಿಜವಾಗಿ ಇರುವಂಥ ಕನ್ನಡ ಕಾದಂಬರಿಗಳು ನಿಮಗೆ ಗೊತ್ತಿದ್ದರೆ ಹೆಸರು ಹೇಳಿ. ನಿಮ್ಮ ಮಕ್ಕಳು ಓದಿ ಮುಗಿಸಿದ ಪ್ರತಿಗಳಿದ್ದರೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಉಡುಪಿಯಿಂದ ಮಂಗಳೂರಿನವರೆಗೆ ಎಲ್ಲಿದ್ದರೂ ತೊಂದರೆಯಿಲ್ಲ, ಭಾನುವಾರ ಬಸ್ಸಿದೆ.