ತಲೆಗೂದಲ ಜಾತಕ

ಬೆಂಗಳೂರಿನಲ್ಲಿ ಹೊಸ ದಂಧೆಗೆ ಕೈಹಾಕುವ ಆಸೆಯಿದ್ದರೆ ಕೂದಲಲ್ಲಿ ವಿಷ ಹುಡುಕುವ ಲ್ಯಾಬ್ ತೆರೆಯಿರಿ. ಸೂಜಿ ಚುಚ್ಚುವ ರಗಳೆಯಿಲ್ಲ. ಹಿಂದಲೆಯಲ್ಲಿ ಚರ್ಮಕ್ಕೆ ತಾಗುವಷ್ಟು ಹತ್ತಿರ ಕತ್ತರಿಸಿ, ಬುಡದ ಮೂರು ಸೆಂಟಿಮೀಟರ್ ಇಟ್ಟುಕೊಂಡು ಉಳಿದದ್ದನ್ನು ಎಸೆಯಿರಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಮೂರು ತಿಂಗಳ ಲೆಕ್ಕ ಕೈಯಲ್ಲಿ. ತಿರುಪತಿಗೆ ಮುಡಿ ಕೊಟ್ಟು ಬಂದವರಿಗೆ ಮಾತ್ರ ಮೂರು ತಿಂಗಳು ಬಿಟ್ಟು ಬರಲು ಹೇಳಿ.

ಆಮೇಲೆ ತೊಳೆಯುವುದು. ಲಾಭವೆಲ್ಲ ಇಲ್ಲೇ ಇದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕೂತಿದ್ದಾಗ ಅಂಟಿದ ಧೂಳಿನ ಸೀಸ, ರಕ್ತದಿಂದ ಕೂದಲಿಗೆ ಸೇರಿದ ಸೀಸ, ಎರಡೂ ಯಂತ್ರಕ್ಕೆ ಒಂದೇ. ಅಸಿಟೋನ್, ಮೂರು ಸಲ ನೀರು, ಮತ್ತೆ ಅಸಿಟೋನ್ ಎಂಬ ಪದ್ಧತಿ ಇದೆ. ಕಡಿಮೆ ತೊಳೆದರೆ ಹೊರಗಿನದು ಉಳಿಯುತ್ತದೆ, ಜಾಸ್ತಿ ತೊಳೆದರೆ ಒಳಗಿನದೂ ಹೋಗುತ್ತದೆ. ಆರ್ಸೆನಿಕ್ ಇರುವ ನೀರಿನಲ್ಲಿ ತಲೆಗೆ ಸ್ನಾನ ಮಾಡಿದ್ದರಂತೂ ಅದು ಕೂದಲಿನ ಪ್ರೋಟೀನ್ ಆದ ಕೆರಾಟಿನ್ ಹಿಡಿದುಕೊಂಡು ಜಪ್ಪಯ್ಯ ಅನ್ನುವುದಿಲ್ಲ. ತಲೆಹೊಟ್ಟಿನ ಶಾಂಪೂವಿನ ಸತು, ಸೆಲೆನಿಯಂ ಕೂಡ ವರದಿಯಲ್ಲಿ ಬಂದು ಕೂರುತ್ತವೆ. ಕೂರಲಿ ಬಿಡಿ, ಪುಟ ತುಂಬುತ್ತದೆ.

ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಧಾತುಗಳನ್ನು ಅಳೆಯುವ ಐಸಿಪಿ-ಎಂಎಸ್ ಯಂತ್ರಕ್ಕೆ ಕೊಡಿ. ಪಾಪ, ಅದು ಪ್ರಾಮಾಣಿಕ. 'ನಾರ್ಮಲ್' ಗೆರೆ ಎಳೆಯುವವರು ನೀವು ತಾನೆ? ಪ್ರತಿ ಧಾತುವಿಗೂ ಗಿರಾಕಿಗಳಲ್ಲಿ 100ಕ್ಕೆ 95 ಜನರನ್ನು ಗೆರೆಯ ಕೆಳಗಿಟ್ಟರೆ, ಕಾಯಿಲೆ ಇರಲಿ ಬಿಡಲಿ, ಉಳಿದ ಐವರು ಕೆಂಪು. ಒಂದೇ ವರದಿಯಲ್ಲಿ 40 ಧಾತು ಅಳೆಯಿರಿ: ಗಟ್ಟಿಮುಟ್ಟಾದವನಿಗೂ ಸರಾಸರಿ ಎರಡು ಕೆಂಪು ಪಟ್ಟಿ. ಪಕ್ಕದಲ್ಲೇ ಡಿಟಾಕ್ಸ್ ಪುಡಿಯ ಡಬ್ಬಿ ಇಟ್ಟಿರಿ.

2001ರಲ್ಲಿ ಅಮೆರಿಕದಲ್ಲಿ ಒಬ್ಬರದೇ ಕೂದಲನ್ನು ಆರು ಲ್ಯಾಬ್‌ಗಳಿಗೆ ಹಂಚಿ ನೋಡಿದರು. 12 ಖನಿಜಗಳಲ್ಲಿ ಒಂದು ಲ್ಯಾಬಿಗೂ ಇನ್ನೊಂದಕ್ಕೂ ಹತ್ತು ಪಟ್ಟಿಗಿಂತ ಹೆಚ್ಚು ಅಂತರ! ಆಹಾರದ ಸಲಹೆಗಳೂ ಒಂದಕ್ಕೊಂದು ತದ್ವಿರುದ್ಧ. ಆದ್ದರಿಂದ ಗಿರಾಕಿ ಪಕ್ಕದ ಬೀದಿಯ ಲ್ಯಾಬಿಗೆ ಹೋಗದಂತೆ ನೋಡಿಕೊಳ್ಳಿ.

ಪಾದರಸದ ಸಂಯುಕ್ತವಾದ ಮೀಥೈಲ್ ಮರ್ಕ್ಯುರಿಗೆ ಮಾತ್ರ ಕೂದಲು ಒಳ್ಳೆಯ ಸಾಕ್ಷಿ. 1971–72ರಲ್ಲಿ ಇರಾಕಿನಲ್ಲಿ ಪಾದರಸದ ಶಿಲೀಂಧ್ರನಾಶಕ ಹಚ್ಚಿದ ಬಿತ್ತನೆ ಗೋಧಿಯನ್ನು ತಿಂದವರ ಕೂದಲು, ವಿಷ ಯಾವ ತಿಂಗಳು ಏರಿತು ಎಂಬುದನ್ನೂ ತೋರಿಸಿತು. ಮೀಥೈಲ್ ಮರ್ಕ್ಯುರಿಯ ಹೆಸರನ್ನು ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕಿ. ಉಳಿದ 39 ಧಾತುಗಳಿಗೂ ಅದರ ಮರ್ಯಾದೆ ಹಂಚಿಹೋಗುತ್ತದೆ.

"ಸೀಸಕ್ಕೆ ರಕ್ತ ಪರೀಕ್ಷೆಯೇ ಸರಿಯಂತಲ್ಲ?" ಎಂದು ಯಾರಾದರೂ ಕೇಳಿದರೆ ಎಸಿ ಜೋರು ಮಾಡಿ ಕಾಫಿ ತರಿಸಿ. ಹಳೇ ಕಿಟಕಿಯ ಬಣ್ಣ ಕೆರೆಸಿದಿರಾ, ಮಗುವಿಗೆ ಸುರ್ಮಾ ಹಚ್ಚುತ್ತೀರಾ, ಅರಿಶಿನದ ಪುಡಿ ಎಲ್ಲಿಯದು ಎಂದೆಲ್ಲ ವಿಚಾರಿಸಲು ಹೋಗಬೇಡಿ. ಸೀಸದ ಮೂಲ ಸಿಕ್ಕಿಬಿಟ್ಟರೆ ಗಿರಾಕಿ ಎರಡನೇ ಸಲ ಬರುವುದಿಲ್ಲ.