ಪಾಯಸದ ಹೊತ್ತಿನಲ್ಲಿ ಹೇಳದೇ ಉಳಿದದ್ದು

"ಒಂದೈದು ವರ್ಷ ಮಿಲಿಟರಿ ಆಡಳಿತ ಬರಬೇಕು ನೋಡಿ, ಕಾಲೇಜುಗಳೆಲ್ಲ ತಾನಾಗೇ ಸರಿಹೋಗ್ತವೆ." ಮೊನ್ನೆ ಮದುವೆ ಊಟದಲ್ಲಿ ಪಕ್ಕದ ಎಲೆಯ ಹಿರಿಯರು ಪಾಯಸ ಹಾಕಿಸಿಕೊಳ್ಳುತ್ತಾ ಅಂದರು. ಎಲೆ ಮುಂದೆ ಜಗಳ ಯಾಕೆ ಅಂತ ಸುಮ್ಮನಿದ್ದೆ. ಆದರೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅರ್ಜೆಂಟೀನಾ.

1966ರ ಜೂನ್ 28ರಂದು ಅಲ್ಲಿನ ಸೇನೆ ಚುನಾಯಿತ ಅಧ್ಯಕ್ಷ ಇಲಿಯಾ ಅವರನ್ನು ಕೆಳಗಿಳಿಸಿತು. ಜನರಲ್ ಒಂಗಾನಿಯಾ ಕುರ್ಚಿ ಹಿಡಿದ. ಒಂದು ತಿಂಗಳು ಕಳೆಯುತ್ತಲೇ, ಜುಲೈ 29ಕ್ಕೆ, ವಿಶ್ವವಿದ್ಯಾಲಯಗಳ ಸ್ವಾಯತ್ತತೆ ರದ್ದು. ಮೇಷ್ಟ್ರು, ವಿದ್ಯಾರ್ಥಿಗಳು, ಹಳೆ ವಿದ್ಯಾರ್ಥಿಗಳು ಸೇರಿ ನಡೆಸುತ್ತಿದ್ದ ಸಂಸ್ಥೆಗಳು ಇನ್ನು ಸರ್ಕಾರ ಹೇಳಿದಂತೆ ಕೇಳಬೇಕು. ರಾಜಧಾನಿ ಬ್ಯೂನಸ್ ಐರಿಸ್‌ನ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗದವರು ಒಪ್ಪದೆ ಕಟ್ಟಡದೊಳಗೇ ಕೂತರು.

ರಾತ್ರಿ ಪೊಲೀಸರು ನುಗ್ಗಿದರು. ಮೊದಲು ಅಶ್ರುವಾಯು, ಆಮೇಲೆ ಲಾಠಿ. ಹೊರಗೆ ಹೋಗುವ ದಾರಿಯಲ್ಲಿ ಪೊಲೀಸರದ್ದೇ ಸಾಲು. ಒಳಗಿದ್ದವರು ಒಬ್ಬೊಬ್ಬರಾಗಿ ಅದನ್ನು ದಾಟಬೇಕು, ನಿಂತವರೆಲ್ಲ ಬಾರಿಸಬೇಕು. ಡೀನ್ ರೊಲಾಂಡೊ ಗಾರ್ಸಿಯಾ ಹವಾಮಾನ ವಿಜ್ಞಾನಿ. ಅವರಿಗೂ ತಲೆಗೇ ಪೆಟ್ಟು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಗಣಿತಜ್ಞ ವಾರನ್ ಆಂಬ್ರೋಸ್ ಅತಿಥಿಯಾಗಿ ಬಂದಿದ್ದವರು, ಅವರಿಗೂ ಬಿತ್ತು. ಅವರು ನ್ಯೂಯಾರ್ಕ್ ಟೈಮ್ಸ್‌ಗೆ ಪತ್ರ ಬರೆದಿದ್ದರಿಂದ ಸುದ್ದಿ ಹೊರಗೆ ಹಬ್ಬಿತು. 'ಉದ್ದ ಲಾಠಿಗಳ ರಾತ್ರಿ' ಅಂತಲೇ ಅದಕ್ಕೆ ಹೆಸರು.

ಸಾವಿರಕ್ಕೂ ಜಾಸ್ತಿ ಅಧ್ಯಾಪಕರು ರಾಜೀನಾಮೆ ಕೊಟ್ಟರು. ನೂರಾರು ಜನ ಚಿಲಿ, ವೆನಿಜುವೆಲಾ, ಅಮೆರಿಕ ಅಂತ ದೇಶವನ್ನೇ ಬಿಟ್ಟರು.

ಹಾಗಂತ ಸೇನೆಗೆ ವಿಜ್ಞಾನ ಕಂಡರೆ ಆಗದು ಅಂದುಕೊಳ್ಳಬೇಡಿ. ಇದೇ ಒಂಗಾನಿಯಾ ಸರ್ಕಾರ 1968ರಲ್ಲಿ ಅಟೂಚಾ ಅಣುಸ್ಥಾವರಕ್ಕೆ ಜರ್ಮನಿಯ ಸೀಮೆನ್ಸ್ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಿತು. ಯಂತ್ರ ಬೇಕು. ಎದುರು ಮಾತಾಡುವ ಮೇಷ್ಟ್ರು ಬೇಡ, ಅಷ್ಟೇ.

ನನಗೆ ಜಾಸ್ತಿ ಕಾಡುವುದು ಕ್ಲೆಮೆಂಟೀನಾ. ಅದು ಆ ವಿಭಾಗದ ಕಂಪ್ಯೂಟರ್. ಇಂಗ್ಲೆಂಡಿನಿಂದ ತರಿಸಿದ ಫೆರಾಂಟಿ ಮರ್ಕ್ಯುರಿ, ಕೋಣೆ ತುಂಬುವಷ್ಟು ದೊಡ್ಡದು, ಒಳಗೆ ಹಳೆ ರೇಡಿಯೋದಲ್ಲಿರುವಂಥ ಸಾವಿರಾರು ಗಾಜಿನ ವಾಲ್ವುಗಳು. ಅದು ನುಡಿಸುತ್ತಿದ್ದ ಒಂದು ರಾಗದಿಂದಲೇ ಆ ಮುದ್ದಿನ ಹೆಸರು. ಉಪ ಡೀನ್ ಮ್ಯಾನುಯೆಲ್ ಸಡೋಸ್ಕಿ ಅದರ ಸುತ್ತ ಒಂದು ತಂಡ ಕಟ್ಟಿದ್ದರು. ಆ ರಾತ್ರಿಯ ನಂತರ ತಂಡ ಚದುರಿತು. ಯಂತ್ರ ಅಲ್ಲೇ ಇತ್ತು. ಕೆಲವು ವರ್ಷಗಳಾದ ಮೇಲೆ ಅದನ್ನೂ ಬಿಚ್ಚಿಹಾಕಿದರು.

1983ರಲ್ಲಿ ಪ್ರಜಾಪ್ರಭುತ್ವ ಮರಳಿದಾಗ ಸಡೋಸ್ಕಿಯವರನ್ನೇ ಕರೆದು ವಿಜ್ಞಾನ ಕಾರ್ಯದರ್ಶಿ ಮಾಡಿದರು. ಅವರಿಗಾಗ 69. ಕ್ಲೆಮೆಂಟೀನಾ ಬಿಡಿ, ಅದರ ಮುಂದೆ ಕೂತು ಕಲಿತಿದ್ದ ಎಷ್ಟೋ ಹುಡುಗರು ಅಷ್ಟರಲ್ಲಿ ಬೇರೆ ದೇಶಗಳಲ್ಲಿ ಮನೆ ಮಾಡಿಕೊಂಡಾಗಿತ್ತು.